ಹಾಪ್ಸ್ ತಳಿಗಳಲ್ಲಿ ಏನು ವ್ಯತ್ಯಾಸ? ಕಹಿ ಹೆಚ್ಚಿದ್ದರೆ ಬಿಯರ್ ‘ಸ್ಟ್ರಾಂಗ್’ ಅಂತ ಅರ್ಥವೇ?

2021ರ ಏಪ್ರಿಲ್ ಹೊತ್ತಿಗೆ ಒಂದು ಫಾರ್ವರ್ಡ್ ದೇಶದ ತುಂಬ ಓಡಾಡಿತ್ತು. ಬಿಹಾರದ ರೈತರೊಬ್ಬರು ‘ಜಗತ್ತಿನ ಅತಿ ದುಬಾರಿ ತರಕಾರಿ’ ಬೆಳೆದಿದ್ದಾರೆ, ಕೆ.ಜಿ.ಗೆ 1 ಲಕ್ಷ ರೂಪಾಯಿ ಎಂಬ ಸುದ್ದಿ ಅದು. ತರಕಾರಿಯ ಹೆಸರು ಹಾಪ್ ಚಿಗುರು. ಪತ್ರಿಕೆಯವರು ಊರಿಗೇ ಹೋಗಿ ನೋಡಿದಾಗ ಅಲ್ಲಿ ಅಂಥ ಬೆಳೆಯೇ ಇರಲಿಲ್ಲ. ಸುದ್ದಿ ತಣ್ಣಗಾಯಿತು. ಆದರೆ ‘ಹಾಪ್ಸ್’ ಎಂಬ ಪದ ಬಹಳ ಜನರ ಕಿವಿಗೆ ಬಿದ್ದದ್ದು ಆಗಲೇ.

ಈಗ ಅದೇ ಪದ ಬೆಂಗಳೂರಿನ ಮೈಕ್ರೋಬ್ರೂವರಿಗಳ ಮೆನುವಿನಲ್ಲೂ ಕಾಣುತ್ತದೆ. ಬಿಯರ್ ಹೆಸರಿನ ಕೆಳಗೆ ಸಾಜ್, ಕ್ಯಾಸ್ಕೇಡ್, ಸಿಟ್ರಾ ಎಂದು ತಳಿಗಳ ಹೆಸರು, ಪಕ್ಕದಲ್ಲಿ ‘ಐಬಿಯು 45’ ಎಂಬಂಥ ಅಂಕಿ. ಇವನ್ನು ನೋಡಿದವರು ತಮಗೆ ತೋಚಿದ ಅರ್ಥ ಕಟ್ಟಿಕೊಳ್ಳುತ್ತಾರೆ. ಕಹಿ ಜಾಸ್ತಿ ಅಂದರೆ ಕಿಕ್ ಜಾಸ್ತಿ ಅನ್ನುವವರಿದ್ದಾರೆ. ಹಾಪ್ಸ್ ಇದೆ, ಹಾಗಾಗಿ ಬಿಯರ್ ಔಷಧಿ ಅನ್ನುವವರೂ ಇದ್ದಾರೆ. ಇದರಲ್ಲಿ ಯಾವುದು ನಿಜ? ತಳಿ ತಳಿಗೆ ನಿಜವಾಗಿ ಏನು ವ್ಯತ್ಯಾಸ?

ಅವಸರದಲ್ಲಿ ಇರುವವರಿಗೆ, ಮೂರೇ ಸಾಲು:

• ಹಾಪ್ಸ್ ಬಿಯರಿಗೆ ಕಹಿ ಮತ್ತು ಪರಿಮಳ ಕೊಡುತ್ತದೆ, ಆಲ್ಕೋಹಾಲ್ ಕೊಡುವುದಿಲ್ಲ.
• ತಳಿಗಳನ್ನು ಹೋಲಿಸುವುದು ಎರಡು ವಿಷಯದ ಮೇಲೆ: ಕಹಿ ಕೊಡುವ ಆಲ್ಫಾ ಆಮ್ಲ ಎಷ್ಟಿದೆ, ಪರಿಮಳದ ಎಣ್ಣೆಯಲ್ಲಿ ಏನೇನಿದೆ.
• ಬಿಯರ್ ಎಷ್ಟು ‘ಸ್ಟ್ರಾಂಗ್’ ಎಂದು ತಿಳಿಯಲು ನಾಲಿಗೆಯನ್ನಾಗಲಿ ಐಬಿಯು ಅಂಕಿಯನ್ನಾಗಲಿ ನಂಬಬೇಡಿ. ಲೇಬಲ್ ಮೇಲಿನ ಆಲ್ಕೋಹಾಲ್ ಶೇಕಡಾವಾರು ಮಾತ್ರ ನೋಡಿ.

ಹಾಪ್ಸ್ ಅಂದರೆ ಏನು?

ಹಾಪ್ಸ್ ಒಂದು ಬಳ್ಳಿ. ವೈಜ್ಞಾನಿಕ ಹೆಸರು ಹ್ಯುಮುಲಸ್ ಲುಪುಲಸ್. ಚಳಿ ದೇಶಗಳಲ್ಲಿ ಎತ್ತರದ ಕಂಬ, ತಂತಿ, ಹಗ್ಗ ಕಟ್ಟಿ ಹಬ್ಬಿಸುತ್ತಾರೆ. ಒಂದೇ ಬೇಸಿಗೆಯಲ್ಲಿ ಐದಾರು ಮೀಟರ್ ಮೇಲೇರುತ್ತದೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬಿಯರಿಗೆ ಬೇಕಾದದ್ದು ಹೆಣ್ಣು ಗಿಡದ ಹೂಗೊಂಚಲು. ನೋಡಲು ಪುಟ್ಟ ಹಸಿರು ಪೈನ್ ಕಾಯಿಯ ಹಾಗಿರುತ್ತದೆ. ಅದನ್ನು ಬಿಡಿಸಿದರೆ ಪಕಳೆಗಳ ಬುಡದಲ್ಲಿ ಅರಿಶಿನ ಬಣ್ಣದ ಅಂಟು ಪುಡಿ ಸಿಗುತ್ತದೆ. ಇದೇ ಲುಪುಲಿನ್. ಕಹಿ, ಪರಿಮಳ ಎರಡೂ ಇರುವುದು ಈ ಪುಡಿಯಲ್ಲಿ.

ಬಿಯರಿನಲ್ಲಿ ಮುಖ್ಯವಾಗಿ ನಾಲ್ಕು ಪದಾರ್ಥ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಮಾಲ್ಟ್), ಹಾಪ್ಸ್, ಯೀಸ್ಟ್. ಮಾಲ್ಟ್‌ನಿಂದ ಸಕ್ಕರೆ ಬರುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಹಾಪ್ಸ್‌ನ ಕೆಲಸ ಬೇರೆ. ಮಾಲ್ಟ್‌ನ ಸಿಹಿಯನ್ನು ಕಹಿಯಿಂದ ಸರಿದೂಗಿಸುವುದು, ಪರಿಮಳ ಕೊಡುವುದು ಮತ್ತು ಬಿಯರನ್ನು ಹುಳಿ ಮಾಡುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು. ಪಾನೀಯ ಬೇಗ ಕೆಡದಂತೆ ಹಾಪ್ಸ್ ಕಾಪಾಡುತ್ತದೆ ಎಂದು ಜರ್ಮನಿಯ ಸನ್ಯಾಸಿನಿ ಬಿಂಗನ್‌ನ ಹಿಲ್ಡಗಾರ್ಡ್ 12ನೇ ಶತಮಾನದಲ್ಲೇ ಬರೆದಿದ್ದಳು. 1516ರಲ್ಲಿ ಬವೇರಿಯಾದಲ್ಲಿ ಬಂದ ಕಾನೂನು, ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಎಂದಿತು. ಯೀಸ್ಟ್ ಎಂಬ ಜೀವಿಯ ವಿಷಯ ಆಗ ಗೊತ್ತಿರಲಿಲ್ಲ.

ಹೋಲಿಕೆಯ ಮೊದಲ ಅಳತೆ: ಆಲ್ಫಾ ಆಮ್ಲ

ಹಾಪ್ಸ್ ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಒಂದು ಶೇಕಡಾವಾರು ಅಂಕಿ ಇರುತ್ತದೆ. ಅದು ಆಲ್ಫಾ ಆಮ್ಲದ ಪ್ರಮಾಣ. ಹಸಿಯಾಗಿ ಈ ಆಮ್ಲ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಕಹಿಯೂ ಹೆಚ್ಚಿಲ್ಲ. ಮಾಲ್ಟ್‌ನ ರಸದ ಜೊತೆ ಕುದಿಸಿದಾಗ ಅದರ ಅಣುವಿನ ರಚನೆ ಬದಲಾಗಿ ಐಸೊ-ಆಲ್ಫಾ ಆಮ್ಲವಾಗುತ್ತದೆ. ನಾಲಿಗೆಗೆ ಸಿಗುವ ಕಹಿ ಇದೇ.

ಐಬಿಯು ಎಂಬುದು ಈ ಕಹಿಯ ಅಳತೆ. 1 ಐಬಿಯು ಅಂದರೆ ಸರಿಸುಮಾರು ಒಂದು ಲೀಟರ್ ಬಿಯರಿನಲ್ಲಿ 1 ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ.

ತಳಿಗಳ ನಡುವೆ ಈ ಅಂಕಿಯಲ್ಲಿ ಎಷ್ಟು ಅಂತರ ಇದೆ ನೋಡಿ. 20 ಲೀಟರ್ ಬಿಯರಿಗೆ 30 ಐಬಿಯು ಕಹಿ ಬೇಕು ಅಂದುಕೊಳ್ಳೋಣ. ಅಂದರೆ ಒಟ್ಟು 600 ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲ. ಒಂದು ಗಂಟೆ ಕುದಿಸಿದರೆ ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲದ ಸುಮಾರು ಕಾಲು ಭಾಗ ಮಾತ್ರ ಹೀಗೆ ಬದಲಾಗಿ ಬಿಯರಿಗೆ ಇಳಿಯುತ್ತದೆ. ಹಾಗಾಗಿ 2,400 ಮಿಲಿಗ್ರಾಂ ಆಲ್ಫಾ ಆಮ್ಲ ಹಾಕಬೇಕು. ಶೇ. 3 ಆಲ್ಫಾ ಇರುವ ಸಾಜ್ ಹಾಪ್ಸ್ ಆದರೆ 80 ಗ್ರಾಂ ಬೇಕು. ಶೇ. 12 ಇರುವ ಮ್ಯಾಗ್ನಮ್ ಆದರೆ 20 ಗ್ರಾಂ ಸಾಕು. ಕಹಿಯ ಅಳತೆ ಎರಡರಲ್ಲೂ ಒಂದೇ. ಬರೀ ಕಹಿಗಾಗಿಯೇ ಹಾಪ್ಸ್ ಹಾಕುವಾಗ ಬ್ರೂವರಿಗಳು ಹೆಚ್ಚು ಆಲ್ಫಾ ಇರುವ ತಳಿ ಆರಿಸುವುದು ಈ ಉಳಿತಾಯಕ್ಕಾಗಿ.

ಎರಡನೇ ಅಳತೆ: ಎಣ್ಣೆ

ಒಣ ಹಾಪ್ಸ್‌ನಲ್ಲಿ ಪರಿಮಳದ ಎಣ್ಣೆ ಇರುವುದು ಅಂದಾಜು ಶೇ. 0.5ರಿಂದ 3ರಷ್ಟು ಮಾತ್ರ. ಆದರೆ ತಳಿಗೆ ತನ್ನದೇ ಗುರುತು ಬರುವುದು ಈ ಎಣ್ಣೆಯಿಂದ. ಅದರಲ್ಲಿರುವ ಸಂಯುಕ್ತಗಳ ಹೆಸರು ಹೊಸದಾಗಿ ಕಂಡರೂ ವಾಸನೆ ನಮ್ಮ ಅಡುಗೆಮನೆಯದ್ದೇ. ಮಿರ್ಸೀನ್ ಮಾವಿನಹಣ್ಣಿನಲ್ಲೂ ಮಜ್ಜಿಗೆ ಹುಲ್ಲಿನಲ್ಲೂ ಇದೆ. ಕ್ಯಾರಿಯೋಫಿಲೀನ್ ಕರಿಮೆಣಸಿನಲ್ಲಿ, ಲವಂಗದಲ್ಲಿ ಇದೆ. ಲಿನಲೂಲ್ ಕೊತ್ತಂಬರಿ ಬೀಜದ ಎಣ್ಣೆಯ ಮುಖ್ಯ ಅಂಶ. ಇವಲ್ಲದೆ ಗಂಧಕ ಇರುವ ಥಯಾಲ್ ಎಂಬ ಸಂಯುಕ್ತಗಳಿವೆ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಸಿಗುತ್ತವೆ. ಕೆಲವು ಬಿಯರುಗಳಲ್ಲಿ ಸೀಬೆಹಣ್ಣು, ಪ್ಯಾಷನ್ ಫ್ರೂಟ್‌ನ ವಾಸನೆ ಬರುವುದು ಇವುಗಳಿಂದ. ಅಲ್ಲಿ ಹಣ್ಣು ಹಾಕಿರಲೇಬೇಕು ಎಂದೇನಿಲ್ಲ.

ಈ ಎಣ್ಣೆ ಬಿಸಿಗೆ ಹಾರಿಹೋಗುತ್ತದೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಕೊನೆಯಲ್ಲಿ ಹಾಕುವುದಕ್ಕೆ ಇರುವ ಕಾರಣವೇ ಇಲ್ಲೂ. ಮೊದಲೇ ಹಾಕಿ ಗಂಟೆಗಟ್ಟಲೆ ಕುದಿಸಿದರೆ ಘಮ ಉಳಿಯದು. ಬ್ರೂವರ್‌ಗಳು ಕುದಿಯ ಆರಂಭದಲ್ಲಿ ಹಾಕುವ ಹಾಪ್ಸ್ ಕಹಿಗೆ, ಕೊನೆಯ ಕೆಲವು ನಿಮಿಷಗಳಲ್ಲಿ ಹಾಕುವುದು ಪರಿಮಳಕ್ಕೆ. ಹುದುಗು ಮುಗಿಯುತ್ತಾ ಬಂದ ತಣ್ಣನೆಯ ಬಿಯರಿಗೂ ಹಾಕುತ್ತಾರೆ. ಇದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಅಂದರೆ ಒಂದೇ ತಳಿ, ಹಾಕಿದ ಸಮಯದ ಮೇಲೆ, ಕಹಿಯನ್ನೂ ಕೊಡಬಹುದು, ಪರಿಮಳವನ್ನೂ ಕೊಡಬಹುದು.

ಮುಖ್ಯ ತಳಿಗಳು: ಒಂದೊಂದಾಗಿ

ಕೆಳಗಿನ ಆಲ್ಫಾ ಅಂಕಿಗಳು ಸಾಮಾನ್ಯವಾಗಿ ಕಾಣುವ ಮಿತಿಗಳು. ಬೆಳೆದ ವರ್ಷ, ಜಾಗದ ಮೇಲೆ ಇವು ಸ್ವಲ್ಪ ಹೆಚ್ಚುಕಡಿಮೆ ಆಗುತ್ತವೆ.

ಸಾಜ್ (ಆಲ್ಫಾ ಶೇ. 3ರಿಂದ 4.5): ಜೆಕ್ ದೇಶದ ಜಾಟೆಟ್ಸ್ ಪಟ್ಟಣದ ಸುತ್ತಲಿನ ತಳಿ. ಸಾಜ್ ಎಂಬುದು ಆ ಊರಿನ ಜರ್ಮನ್ ಹೆಸರು. ಮೃದು ಕಹಿ, ಒಣಹುಲ್ಲು, ಗಿಡಮೂಲಿಕೆ, ಸಣ್ಣ ಮಸಾಲೆಯ ವಾಸನೆ. ಜೆಕ್ ಪಿಲ್ಸ್‌ನರ್ ಬಿಯರಿನ ಗುರುತೇ ಇದು. ಈ ಹಾಪ್ಸ್ ತೋಟಗಳ ಪ್ರದೇಶವನ್ನು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹಾಲರ್‌ಟೌ ಮಿಟ್ಟೆಲ್‌ಫ್ರೂ (ಶೇ. 3ರಿಂದ 5.5): ಬವೇರಿಯಾದ ಹಾಲರ್‌ಟೌ ಪ್ರದೇಶದ್ದು. ಹೂವಿನ, ಹಗುರ ಮಸಾಲೆಯ ಪರಿಮಳ. ಜರ್ಮನ್ ಲಾಗರ್‌ಗಳಿಗೆ ಬಳಸುತ್ತಾರೆ. ಸಾಜ್, ಇದು, ಜೊತೆಗೆ ಟೆಟ್ನಾಂಗ್ ಮತ್ತು ಸ್ಪಾಲ್ಟ್, ಈ ನಾಲ್ಕನ್ನು ‘ನೋಬಲ್ ಹಾಪ್ಸ್’ ಎನ್ನುವ ರೂಢಿ ಇದೆ. ಇದು ಗುಣಮಟ್ಟದ ಸರ್ಕಾರಿ ಮುದ್ರೆಯಲ್ಲ, ವ್ಯಾಪಾರದಲ್ಲಿ ಬಂದ ಹೆಸರು. ಕಹಿ ಕಡಿಮೆ, ಪರಿಮಳ ನಯ ಎಂಬುದಷ್ಟೇ ಅದರ ಅರ್ಥ.

ಈಸ್ಟ್ ಕೆಂಟ್ ಗೋಲ್ಡಿಂಗ್ (ಶೇ. 4ರಿಂದ 6.5) ಮತ್ತು ಫಗಲ್ (ಶೇ. 3.5ರಿಂದ 5.5): ಇಂಗ್ಲೆಂಡಿನ ಹಳೆಯ ತಳಿಗಳು. ಗೋಲ್ಡಿಂಗ್‌ನಲ್ಲಿ ಹೂವು, ಜೇನಿನ ನೆನಪು ತರುವ ಪರಿಮಳ. ಫಗಲ್‌ನಲ್ಲಿ ಮಣ್ಣು, ಮರ, ಎಲೆಯ ವಾಸನೆ. ಇಂಗ್ಲಿಷ್ ಏಲ್‌ಗಳ ರುಚಿ ಇವುಗಳದ್ದು.

ಕ್ಯಾಸ್ಕೇಡ್ (ಶೇ. 4.5ರಿಂದ 7): ಅಮೆರಿಕದ ಓರೆಗನ್‌ನಲ್ಲಿ ಸರ್ಕಾರಿ ತಳಿ ಸಂಶೋಧನೆಯಲ್ಲಿ ಹುಟ್ಟಿ 1970ರ ದಶಕದ ಆರಂಭದಲ್ಲಿ ಬಿಡುಗಡೆಯಾಯಿತು. ವಂಶದಲ್ಲಿ ಇಂಗ್ಲೆಂಡಿನ ಫಗಲ್ ಇದೆ, ಆದರೆ ವಾಸನೆ ಚಕ್ಕೋತದ ಸಿಪ್ಪೆಯದ್ದು. 1980ರಲ್ಲಿ ಶುರುವಾದ ಸಿಯೆರಾ ನೆವಾಡಾ ಪೇಲ್ ಏಲ್ ಇದನ್ನು ಪ್ರಸಿದ್ಧ ಮಾಡಿತು. ಅಮೆರಿಕದ ಕ್ರಾಫ್ಟ್ ಬಿಯರ್ ಅಲೆ ಬೆಳೆದದ್ದು ಈ ರುಚಿಯ ಮೇಲೆ.

ಚಿನೂಕ್ (ಶೇ. 12ರಿಂದ 14) ಮತ್ತು ಕೊಲಂಬಸ್ (ಶೇ. 14ರಿಂದ 17): ಇವೂ ಅಮೆರಿಕದವು. ಪೈನ್ ಮರದ ಅಂಟು, ಮೆಣಸಿನ ಖಾರ ನೆನಪಿಸುವ ಗಡಸು ವಾಸನೆ. ಕಹಿ, ಪರಿಮಳ ಎರಡಕ್ಕೂ ಬಳಸಬಹುದಾದ ತಳಿಗಳು.

ಸಿಟ್ರಾ (ಶೇ. 11ರಿಂದ 13) ಮತ್ತು ಮೊಸಾಯಿಕ್ (ಶೇ. 11.5ರಿಂದ 13.5): ಸಿಟ್ರಾ ಮಾರುಕಟ್ಟೆಗೆ ಬಂದದ್ದು 2000ದ ದಶಕದ ಕೊನೆಗೆ, ಮೊಸಾಯಿಕ್ 2012ರಲ್ಲಿ. ಮಾವು, ಲಿಚಿ, ನಿಂಬೆ, ಪ್ಯಾಷನ್ ಫ್ರೂಟ್‌ನಂಥ ಹಣ್ಣಿನ ಪರಿಮಳ. ಮಬ್ಬು ಬಣ್ಣದ ಹೇಜಿ ಐಪಿಎಗಳಲ್ಲಿ ಹೆಚ್ಚಾಗಿ ಇವೇ. ಎರಡೂ ಖಾಸಗಿ ಸಂಸ್ಥೆಗಳ ಹಕ್ಕಿನಲ್ಲಿರುವ ತಳಿಗಳು.

ನೆಲ್ಸನ್ ಸೊವಾನ್ (ಶೇ. 12ರಿಂದ 13): ನ್ಯೂಜಿಲೆಂಡಿನದು. ಸೊವಿನ್ಯೋಂ ಬ್ಲಾಂ ಎಂಬ ದ್ರಾಕ್ಷಿಯ ವೈನ್ ನೆನಪಿಸುವುದರಿಂದ ಈ ಹೆಸರು.

ಮ್ಯಾಗ್ನಮ್ (ಶೇ. 11ರಿಂದ 16) ಮತ್ತು ಹರ್ಕ್ಯುಲಸ್ (ಶೇ. 12ರಿಂದ 17): ಜರ್ಮನಿಯ ‘ಕಹಿ ತಳಿಗಳು’. ತಮ್ಮದೇ ವಾಸನೆಯನ್ನು ಮುಂದೆ ತರದೆ ಶುದ್ಧ ಕಹಿ ಕೊಡುತ್ತವೆ.

ಇಲ್ಲಿ ಒಂದು ವಿಷಯ ಗಮನಿಸಿ. ಸಿಟ್ರಾ ಮತ್ತು ಮ್ಯಾಗ್ನಮ್ ಎರಡರ ಆಲ್ಫಾ ಹತ್ತಿರ ಹತ್ತಿರ ಒಂದೇ. ಆದರೆ ಒಂದನ್ನು ಹಣ್ಣಿನ ಘಮಕ್ಕೆ ಹುಡುಕಿ ತರುತ್ತಾರೆ, ಇನ್ನೊಂದನ್ನು ವಾಸನೆ ಕಾಣಿಸಬಾರದು ಎಂದು ತರುತ್ತಾರೆ. ಆಲ್ಫಾ ಅಂಕಿಯನ್ನು ಮಾತ್ರ ನೋಡಿ ತಳಿಯನ್ನು ಅಳೆಯಲು ಆಗುವುದಿಲ್ಲ.

ಒಂದೇ ತಳಿ, ಬೇರೆ ರುಚಿ

ಹೆಸರು ಒಂದೇ ಇದ್ದರೂ ಮಣ್ಣು, ಬಿಸಿಲು, ಕೊಯ್ಲಿನ ದಿನದ ಮೇಲೆ ಎಣ್ಣೆಯ ಪ್ರಮಾಣ ಬದಲಾಗುತ್ತದೆ. ಅಮೆರಿಕದ ಯಾಕಿಮಾ ಕಣಿವೆಯ ಕ್ಯಾಸ್ಕೇಡ್‌ಗೂ ನ್ಯೂಜಿಲೆಂಡಿನಲ್ಲಿ ಬೆಳೆದದ್ದಕ್ಕೂ ವ್ಯತ್ಯಾಸ ಇದೆ. ಎಷ್ಟೆಂದರೆ ನ್ಯೂಜಿಲೆಂಡಿನವರು ತಮ್ಮದನ್ನು ಟೈಹೆಕೆ ಎಂಬ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಹಳೆಯ ಕಾಫಿಪುಡಿಯ ಹಾಗೆ ಹಾಪ್ಸ್ ಕೂಡ ಗಾಳಿ, ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ. ಗಾಳಿಯಾಡದ ಪ್ಯಾಕೆಟ್‌ನಲ್ಲಿ, ತಣ್ಣಗೆ ಇಡದಿದ್ದರೆ ದುಬಾರಿ ಸಿಟ್ರಾಕ್ಕೂ ಚೀಸ್‌ನಂಥ ಹಳಸು ವಾಸನೆ ಬರುತ್ತದೆ.

ಹವಾಮಾನದ ಪೆಟ್ಟು ಬೀಳುತ್ತಿರುವುದೂ ಹಳೆಯ ತಳಿಗಳ ಮೇಲೆ. ಯುರೋಪಿನ ಸಾಂಪ್ರದಾಯಿಕ ಪರಿಮಳದ ಹಾಪ್ಸ್ ಇಳುವರಿ 2050ರ ಹೊತ್ತಿಗೆ ಶೇ. 4ರಿಂದ 18ರಷ್ಟು, ಆಲ್ಫಾ ಆಮ್ಲ ಶೇ. 20ರಿಂದ 31ರಷ್ಟು ಕಡಿಮೆಯಾಗಬಹುದು ಎಂದು 2023ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿದೆ.

ಈಗ ಫಾರ್ವರ್ಡ್‌ಗಳ ಮಾತು

‘ಕಹಿ ಹೆಚ್ಚಿದ್ದರೆ ಬಿಯರ್ ಸ್ಟ್ರಾಂಗ್’: ತಪ್ಪು. ಅಪಾಯ ಇರುವುದು ಇದರ ಉಲ್ಟಾ ನಂಬಿಕೆಯಲ್ಲಿ: ‘ಕಹಿ ಇಲ್ಲ, ಹಾಗಾದರೆ ಲೈಟ್.’ ನಮ್ಮಲ್ಲಿ ಸ್ಟ್ರಾಂಗ್ ಎಂದು ಮಾರುವ ಬಿಯರಿನಲ್ಲಿ ಆಲ್ಕೋಹಾಲ್ ಶೇ. 5ಕ್ಕಿಂತ ಹೆಚ್ಚು, ಶೇ. 8ರವರೆಗೂ ಇರುತ್ತದೆ. ಕಹಿ ಕಡಿಮೆ, ಸಿಹಿಯೇ ಮುಂದೆ ಇರಬಹುದು. ಇನ್ನೊಂದು ಕಡೆ ಕಪ್ಪಗೆ, ಕಹಿಯಾಗಿರುವ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇ. 4.2ರ ಆಸುಪಾಸು. ಲೆಕ್ಕ ಹಾಕಿ: ಶೇ. 8ರ 650 ಮಿ.ಲೀ. ಬಾಟಲಿಯಲ್ಲಿ 52 ಮಿ.ಲೀ. ಶುದ್ಧ ಆಲ್ಕೋಹಾಲ್ ಇದೆ. ಶೇ. 5ರ 330 ಮಿ.ಲೀ. ಬಾಟಲಿಯಲ್ಲಿ ಇರುವುದು 16.5 ಮಿ.ಲೀ. ಎರಡನ್ನೂ ‘ಒಂದು ಬಿಯರ್’ ಎಂದೇ ಎಣಿಸುತ್ತೇವೆ, ಆದರೆ ಮೊದಲನೆಯದು ಮೂರಕ್ಕಿಂತ ಹೆಚ್ಚು. ವಾಹನ ಓಡಿಸುವವರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿಲಿಗ್ರಾಂ ದಾಟಿದರೆ ಕಾನೂನಿನ ಪ್ರಕಾರ ಅಪರಾಧ. ನಾಲಿಗೆಯ ಅಂದಾಜಿನ ಮೇಲೆ ಕೀಲಿ ಕೈಗೆತ್ತಿಕೊಳ್ಳುವುದು ಪ್ರಾಣದ ಪ್ರಶ್ನೆ. ಕುಡಿದಿದ್ದರೆ ಗಾಡಿ ಓಡಿಸಲೇಬೇಡಿ.

‘ಐಪಿಎ ಕಂಡುಹಿಡಿದದ್ದೇ ಭಾರತಕ್ಕಾಗಿ’: ಅರ್ಧ ನಿಜ. ಇಂಗ್ಲೆಂಡಿನಿಂದ ಭಾರತಕ್ಕೆ ತಿಂಗಳುಗಟ್ಟಲೆ ಹಡಗಿನಲ್ಲಿ ಬರುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕುತ್ತಿದ್ದದ್ದು ಹೌದು. ಆದರೆ ಬಿಸಿ ದೇಶಗಳಿಗೆ ಕಳಿಸುವ ಬಿಯರಿಗೆ ಹಾಪ್ಸ್ ಹೆಚ್ಚಿಸಬೇಕು ಎಂಬುದು 18ನೇ ಶತಮಾನದ ಬ್ರೂವರ್‌ಗಳಿಗೆ ಮೊದಲೇ ಗೊತ್ತಿತ್ತು. ಲಂಡನ್ನಿನ ಜಾರ್ಜ್ ಹಾಜ್‌ಸನ್ ಹೆಸರು ಈ ಕಥೆಯಲ್ಲಿ ಬರುತ್ತದೆ. ಅವನು ಕಳಿಸಿದ್ದು ಆಗಲೇ ಇಂಗ್ಲೆಂಡಿನಲ್ಲಿದ್ದ ಬಗೆಯ ಬಿಯರ್. ಕಪ್ಪು ಪೋರ್ಟರ್ ಬಿಯರ್ ಕೂಡ ಹಡಗಿನಲ್ಲಿ ಇಲ್ಲಿಗೆ ಬರುತ್ತಿತ್ತು, ಕೆಡದೆ ತಲುಪುತ್ತಿತ್ತು. ಅಂದಿನ ಐಪಿಎಯ ಹಾಪ್ಸ್ ಇಂಗ್ಲೆಂಡಿನದ್ದು. ಇಂದು ಮೆನುವಿನಲ್ಲಿ ಐಪಿಎ ಎಂದು ಸಿಗುವ ಹಣ್ಣಿನ ಘಮದ ಬಿಯರ್ ಅಮೆರಿಕದ ತಳಿಗಳಿಂದ ಬಂದದ್ದು.

‘ಹಾಪ್ಸ್ ಕಿಡ್ನಿ ಕಲ್ಲು ಕರಗಿಸುತ್ತದೆ, ಕ್ಯಾನ್ಸರ್ ತಡೆಯುತ್ತದೆ’: ಬಿಯರ್ ಮೂತ್ರ ಹೆಚ್ಚಿಸುತ್ತದೆ, ಆದರೆ ಕಲ್ಲನ್ನು ಕರಗಿಸುವುದಿಲ್ಲ. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಿದ್ದರೆ ಬಿಯರ್ ಕುಡಿದು ಕಾಯುವುದು ಕಿಡ್ನಿಗೇ ಹಾನಿ. ವೈದ್ಯರನ್ನು ನೋಡಿ. ಹಾಪ್ಸ್‌ನ ಕ್ಸಾಂಥೊಹ್ಯುಮಾಲ್ ಎಂಬ ಅಂಶದ ಮೇಲೆ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಯುತ್ತಿರುವುದು ನಿಜ. ಆದರೆ ಕುದಿಸುವಾಗ ಅದರ ಬಹುಪಾಲು ಬೇರೆ ರೂಪಕ್ಕೆ ಬದಲಾಗಿ ಬಿಯರಿನಲ್ಲಿ ಉಳಿಯುವುದು ಅತ್ಯಲ್ಪ. ಅದೇ ಲೋಟದಲ್ಲಿರುವ ಆಲ್ಕೋಹಾಲ್ ಮಾತ್ರ ಕ್ಯಾನ್ಸರ್‌ಕಾರಕ ಎಂದು ಸಾಬೀತಾದ ವಸ್ತುಗಳ ಪಟ್ಟಿಯಲ್ಲಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಆಲ್ಕೋಹಾಲ್ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಯಾವ ತಳಿಯ ಹಾಪ್ಸ್ ಹಾಕಿದರೂ ಇದು ಬದಲಾಗುವುದಿಲ್ಲ.

‘ಹಾಪ್ಸ್ ಗಾಂಜಾದ ಜಾತಿ, ಅದಕ್ಕೇ ಅಮಲು’: ಹಾಪ್ಸ್ ಮತ್ತು ಗಾಂಜಾ ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ, ಅಷ್ಟು ನಿಜ. ಆದರೆ ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಹಾಪ್ಸ್‌ನಲ್ಲಿ ಇಲ್ಲ. ಹಾಗಂತ ಹಾಪ್ಸ್ ಎಲ್ಲರಿಗೂ ನಿರಪಾಯವೂ ಅಲ್ಲ. ನಾಯಿಗಳಿಗೆ ಅದು ವಿಷ. ಬಳಸಿ ಎಸೆದ ಹಾಪ್ಸ್ ತಿಂದರೂ ಅವುಗಳ ಮೈಬಿಸಿ ವಿಪರೀತ ಏರಿ ಸಾಯಬಹುದು.

‘ಕರ್ನಾಟಕದಲ್ಲಿ ಹಾಪ್ಸ್ ಹಾಕಿ, ಲಕ್ಷಾಧೀಶರಾಗಿ’: ಹಣ ಹಾಕುವ ಮುನ್ನ ನಿಧಾನಿಸಿ. ಮೊದಲಿಗೆ, ದುಬಾರಿ ಎಂದು ಸುದ್ದಿಯಾದದ್ದು ಬಿಯರಿಗೆ ಹಾಕುವ ಹೂವಲ್ಲ. ಬೆಲ್ಜಿಯಂನಂಥ ಕಡೆ ವಸಂತದ ಕೆಲವೇ ವಾರ ಸಿಗುವ ಎಳೆ ಚಿಗುರು ಅದು. ಕೈಯಿಂದಲೇ ಆರಿಸಬೇಕು, ಕೊಳ್ಳುವವರೂ ಕೆಲವೇ ಜನ. ಎರಡನೆಯದು ಹಗಲಿನ ಉದ್ದ. ಹಾಪ್ಸ್ ಬಳ್ಳಿ ದೀರ್ಘ ಹಗಲಿನಲ್ಲಿ ಎತ್ತರಕ್ಕೆ ಬೆಳೆದು, ಹಗಲು ಕಿರಿದಾಗುತ್ತಾ ಬಂದಾಗ ಹೂ ಬಿಡುತ್ತದೆ. ಜಾಟೆಟ್ಸ್‌ನಲ್ಲಿ ಬೇಸಿಗೆಯ ಹಗಲು 16 ಗಂಟೆ ದಾಟುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಬಳ್ಳಿ ಗಿಡ್ಡವಿರುವಾಗಲೇ ಹೂ ಬಿಟ್ಟು ಇಳುವರಿ ಕುಗ್ಗುತ್ತದೆ. ಭಾರತದಲ್ಲಿ ಹಾಪ್ಸ್ ಬೆಳೆ ನೆಲೆಯೂರಿದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ದಕ್ಷಿಣ ಆಫ್ರಿಕಾದವರು ಕಿರು ಹಗಲಿಗೆ ಹೊಂದುವ ತಳಿಗಳನ್ನು ತಾವೇ ರೂಪಿಸಿಕೊಂಡರು, ಅದಕ್ಕೆ ದಶಕಗಳ ಸಂಶೋಧನೆ ಬೇಕಾಯಿತು. ಮೂರನೆಯದು ಮಾರುಕಟ್ಟೆ. ಬೇಡಿಕೆ ಕುಸಿದು ಅಮೆರಿಕದ ಬೆಳೆಗಾರರೇ 2023 ಮತ್ತು 2024ರಲ್ಲಿ ವಿಸ್ತೀರ್ಣ ಕಡಿಮೆ ಮಾಡಿದ್ದಾರೆ. ‘ಸಿಟ್ರಾ ಸಸಿ ಇದೆ, ಮುಂಗಡ ಕಳಿಸಿ’ ಎಂದು ಯಾರಾದರೂ ಕೇಳಿದರೆ ನೆನಪಿರಲಿ: ಅದರ ಸಸಿ ಹೋಗುವುದು ಹಕ್ಕುದಾರ ಸಂಸ್ಥೆಯ ಜೊತೆ ಒಪ್ಪಂದ ಇರುವ ತೋಟಗಳಿಗೆ. ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಮೆನು ಅಥವಾ ಲೇಬಲ್ ಓದುವುದು ಹೇಗೆ?

ತಳಿಯ ಹೆಸರು ಪರಿಮಳದ ಸುಳಿವು. ಸಾಜ್ ಇದ್ದರೆ ಹುಲ್ಲು, ಮೂಲಿಕೆ. ಕ್ಯಾಸ್ಕೇಡ್ ಇದ್ದರೆ ಚಕ್ಕೋತ. ಸಿಟ್ರಾ ಇದ್ದರೆ ಮಾವು, ನಿಂಬೆ. ಐಬಿಯು ಕಹಿಯ ಸುಳಿವು, ಅದೂ ಪೂರ್ತಿ ಅಲ್ಲ. ಮಾಲ್ಟ್‌ನ ಸಿಹಿ ಹೆಚ್ಚಿದ್ದರೆ 50 ಐಬಿಯುವಿನ ಬಿಯರ್ ಕೂಡ 35ರದ್ದಕ್ಕಿಂತ ಕಡಿಮೆ ಕಹಿ ಅನ್ನಿಸಬಹುದು. ಆಲ್ಕೋಹಾಲ್ ಶೇಕಡಾವಾರು ಎಂಬುದು ಮೂರನೆಯ, ಬೇರೆಯದೇ ಅಂಕಿ. ದೇಹದ ಮೇಲೆ ಏನಾಗುತ್ತದೆ ಎಂಬುದು ಅದರ ಮೇಲೂ ಕುಡಿದ ಪ್ರಮಾಣದ ಮೇಲೂ ನಿಂತಿದೆ.

ನಿಮ್ಮ ಗ್ರೂಪಿಗೆ ‘ಕಹಿ ಕಮ್ಮಿ, ಆರಾಮಾಗಿ ಕುಡಿದು ಓಡಿಸಬಹುದು’ ಎಂಬಂಥ ಮಾತು ಬಂದರೆ 650 ಮಿ.ಲೀ. ಬಾಟಲಿಯ ಲೆಕ್ಕವನ್ನು ಅದರ ಕೆಳಗೆ ಹಾಕಿ.